ನವೆಂಬರ್‌ನಲ್ಲಿ ಮೂವತ್ತು ಪ್ರಸಿದ್ಧ ಮುಖಗಳನ್ನು ಬರೆಯುವ ಸವಾಲು: ಮಾಡಿ ನೋಡಿದವರು ಅನುಭವ ಹೇಳಿ

ಸಂಜೆಯ ಪೆನ್ಸಿಲ್:
ರಾಜ್ಯೋತ್ಸವದ ತಿಂಗಳಿಡೀ ದಿನಕ್ಕೊಂದರಂತೆ ಕನ್ನಡದ ಪ್ರಸಿದ್ಧ ಮುಖಗಳನ್ನು ಬರೆಯಬೇಕೆಂದಿದ್ದೇನೆ. ಮೊದಲ ಎಂಟು ದಿನ ಜ್ಞಾನಪೀಠ ಪಡೆದ ಎಂಟು ಮಂದಿ, ಪ್ರಶಸ್ತಿ ಬಂದ ಕ್ರಮದಲ್ಲೇ, 1967ರ ಕುವೆಂಪು ಅವರಿಂದ 2010ರ ಕಂಬಾರರವರೆಗೆ. ಉಳಿದ ಪಟ್ಟಿ ಇನ್ನೂ ಆಗಿಲ್ಲ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ ಸಿಗುತ್ತದೆ. ಎಚ್‌ಬಿ, 2ಬಿ, ಮೆತ್ತಗಿನ ಕಡುಗಪ್ಪು 6ಬಿ ಪೆನ್ಸಿಲ್‌ಗಳಿವೆ. ಹಾಳೆ ಎ4 ಬೇಕೇ, ಎ5 ಸಾಕೇ? ಫೋಟೋ ಮೇಲೂ ಹಾಳೆ ಮೇಲೂ ಚೌಕ ಎಳೆದು, ಅಂದರೆ ಗ್ರಿಡ್ ಹಾಕಿಕೊಂಡು ಬರೆಯಬಹುದೇ? ಫೋಟೋ ಎಲ್ಲಿಂದ ತೆಗೆದುಕೊಂಡಿರಿ?

ಕರಾವಳಿ ಇದ್ದಲು:
ಹಾಳೆಯ ಅಳತೆ ಹಾಗಿರಲಿ, ಮೊದಲು ಕಿಟಕಿಯ ಹೊರಗೆ ನೋಡಿ. ನಾನಿರುವುದು ಮಂಗಳೂರಿನಲ್ಲಿ. ಲೆಕ್ಕ ಪೂರ್ತಿ ಕೊಡುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಹೊರದೇಶದ ಪೆನ್ಸಿಲ್ ಡಬ್ಬಿ 1,150. ಬ್ರಿಸ್ಟಲ್ ಎಂಬ ದಪ್ಪ ಹಾಳೆಯ ಪ್ಯಾಡ್ 840. ಹಿಟ್ಟಿನಂತೆ ನಾದುವ ರಬ್ಬರ್ 120. ನೆರಳು ಉಜ್ಜಲು ಕಾಗದದ ಬತ್ತಿಗಳ ಕಟ್ಟು 90. ಬರೆದದ್ದು ಅಳಿಸಿಹೋಗದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ 620. ಕೊರಿಯರ್ 110. ಒಟ್ಟು 2,930 ರೂಪಾಯಿ, ಇನ್ನೂ ಒಂದು ಗೆರೆ ಎಳೆದಿರಲಿಲ್ಲ. ಇದ್ದಲಿನ ಕಡ್ಡಿ ಇದರಲ್ಲಿ ಸೇರಿಲ್ಲ, ಅದು ಮನೆಯಲ್ಲಿತ್ತು.

ಶಿವರಾಮ ಕಾರಂತರ ಬಿಳಿಗೂದಲನ್ನು ಬರೆಯಲು ಆಗುವುದಿಲ್ಲ, ಉಳಿಸಿಕೊಳ್ಳಬೇಕು. ಸುತ್ತಲೂ ಇದ್ದಲಿನ ಕಪ್ಪು ತುಂಬಿ, ನಾದಿದ ರಬ್ಬರನ್ನು ಚೂಪು ಮಾಡಿ ಎಳೆ ಎಳೆಯಾಗಿ ಎತ್ತಿದೆ. ನಾನು ಬರೆದದ್ದರಲ್ಲೆಲ್ಲ ಅದೇ ಉತ್ತಮವಾಗಿತ್ತು, ಈಗಲೂ ಹಾಗೆಯೇ ಹೇಳುತ್ತೇನೆ. ಸಂಜೆ ಹಿಂಗಾರು ಮಳೆ ಹಿಡಿಯಿತು. ಸ್ಪ್ರೇ ಹೊಡೆದೆ. ಕಾಲು ಗಂಟೆಯಲ್ಲಿ ಹಾಳೆಯ ತುಂಬ ಬೂದಿ ಬಣ್ಣದ ಮಬ್ಬು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅರಗಿನ ಆ ಪದರ ಒಣಗುವಾಗ ಬೆಳ್ಳಗಾಗುತ್ತದಂತೆ. ಡಬ್ಬಿಯ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಬರೆದಿದ್ದಾರೆ. ಅಂಗಡಿಯವನು ದುಡ್ಡು ವಾಪಸು ಕೊಡಲಿಲ್ಲ, ತಯಾರಕರಿಗೆ ಬರೆದರೆ ‘ಸೂಚನೆ ಓದಿ’ ಎಂಬ ಉತ್ತರ. ಇನ್ನೊಂದು ಡಬ್ಬಿ, ಮತ್ತೆ 620.

ಇದೆಲ್ಲ ಆದ ಮೇಲೆ ಪುತ್ತೂರಿನ ನೆಂಟರೊಬ್ಬರು ಚಿತ್ರ ನೋಡಿ, ‘ನಾನು ಕಾರಂತಜ್ಜನನ್ನು ಹತ್ತಿರದಿಂದ ಕಂಡವನು, ಅವರ ಗಲ್ಲ ಹೀಗಿರಲಿಲ್ಲ’ ಎಂದರು. ಪಕ್ಕದ ಮನೆಯವರ ಮುಖ ಬರೆದರೆ ತಪ್ಪು ಹಿಡಿಯಲು ನಾಲ್ಕು ಜನ ಇರುತ್ತಾರೆ. ಪ್ರಸಿದ್ಧರದ್ದು ಬರೆದರೆ ಊರಿಗೆ ಊರೇ ಇರುತ್ತದೆ. ಅದಕ್ಕೆ ಸಿದ್ಧರಾಗಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:
ಅಯ್ಯಾ, 2,930 ರೂಪಾಯಿಗೆ ನನ್ನ ಶಾಲೆಯ ಒಂದು ಇಡೀ ತರಗತಿಗೆ ಪೆನ್ಸಿಲ್, ರಬ್ಬರ್, ಮೆಂಡರ್, ಡ್ರಾಯಿಂಗ್ ಶೀಟು ಎಲ್ಲ ಬರುತ್ತಿತ್ತು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿದವನು ನಾನು. ಮೆಂಡರ್ ಕೂಡ ಬೇಕಿಲ್ಲ, ಬ್ಲೇಡಿನಲ್ಲಿ ಸೀಸವನ್ನು ಉದ್ದಕ್ಕೆ ಹೆರೆಯಿರಿ. ಪೆನ್ಸಿಲ್ ಮಲಗಿಸಿ ಉಜ್ಜಿದರೆ ನೆರಳು, ನಿಲ್ಲಿಸಿದರೆ ಗೆರೆ.

ಗ್ರಿಡ್ ಬೇಡ. ನನ್ನ ಬಳಿ ಗ್ರಿಡ್ ಹಾಕಿ ಕಲಿತ ಹುಡುಗನೊಬ್ಬ ಫೋಟೋ ಇಲ್ಲದೆ ಎದುರಿಗೆ ಕುಳಿತ ಮನುಷ್ಯನನ್ನು ಬರೆಯಲು ಹೇಳಿದಾಗ ಬೆವರಿದ. ತೋಳು ಚಾಚಿ ಪೆನ್ಸಿಲಿನಲ್ಲಿ ಅಳತೆ ಹಿಡಿಯುವುದನ್ನು ರೂಢಿಸಿಕೊಳ್ಳಿ. ಕಣ್ಣು ತಲೆಯ ನಡುಮಟ್ಟದಲ್ಲಿರುತ್ತದೆ. ಎಲ್ಲರೂ ಮೇಲಕ್ಕೆ ಕೂರಿಸುತ್ತಾರೆ, ಹಣೆ ಸಾಯುತ್ತದೆ. ಕುವೆಂಪು ಅವರ ಹಣೆ ಕಿರಿದಾದರೆ ಕುವೆಂಪು ಎಲ್ಲಿ ಉಳಿದರು?

ಇನ್ನೊಂದು. ಇಂಥ ಸವಾಲು ಹಾಕಿಕೊಂಡವರೆಲ್ಲ ವಿಶ್ವೇಶ್ವರಯ್ಯನವರನ್ನು ಬರೆದು ಮೆಚ್ಚುಗೆ ಗಿಟ್ಟಿಸುತ್ತಾರೆ. ಮೈಸೂರು ಪೇಟ, ಮೀಸೆ, ಕೋಟು ಬಂದರೆ ಆಯಿತು, ನೋಡುವವರು ತಾವೇ ಹೆಸರು ಹೇಳುತ್ತಾರೆ. ಪೇಟದ ಮೇಲೆ ಅಂಗೈ ಇಟ್ಟು ಮುಚ್ಚಿ ನೋಡಿ. ಕೆಳಗೆ ಯಾರೋ ತಹಸೀಲ್ದಾರರು ಕುಳಿತಿರುತ್ತಾರೆ. ಮಾಸ್ತಿಯವರದ್ದೂ ಅದೇ ಕತೆ. ಕುವೆಂಪು ಹಾಗಲ್ಲ. ಅವಿತುಕೊಳ್ಳಲು ಅಲ್ಲಿ ಪೇಟವೂ ಇಲ್ಲ, ಗಡ್ಡವೂ ಇಲ್ಲ. ಅವರಿಂದ ಶುರು ಮಾಡುತ್ತಿರುವುದು ಒಳ್ಳೆಯದೇ. ನನ್ನ ಕುವೆಂಪು ಚಿತ್ರ ಶಾಲೆಯ ಸಭಾಂಗಣದಲ್ಲಿ ಈಗಲೂ ಇದೆ, ಕಂಡವರನ್ನು ಕೇಳಿ.

ಕಟೌಟ್ ಕಾಲದವನು:
ಮೇಷ್ಟ್ರೇ, ಗ್ರಿಡ್ ಬೇಡವೆಂದಿರಲ್ಲ, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ರಾಜಕುಮಾರ್ ಕಟೌಟ್ ನಿಲ್ಲುತ್ತಿತ್ತಲ್ಲ, ಅದನ್ನು ಪೆನ್ಸಿಲ್ ಚಾಚಿ ಅಳೆದು ಬರೆದೆವು ಎಂದುಕೊಂಡಿರಾ? ಅಟ್ಟಣಿಗೆಯ ಮೇಲೆ ನಿಂತವನಿಗೆ ಕಾಣುವುದು ಒಂದು ಹುಬ್ಬು ಮಾತ್ರ. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ತುದಿಯಲ್ಲಿ ಎಳೆದು ಹಿಡಿದು ಚಟ್ಟನೆ ಬಿಟ್ಟರೆ ಗೆರೆ ಮೂಡುತ್ತದೆ. ಹಾಗೆ ಚೌಕ ಹಾಕಿ, ಕೈಯಲ್ಲಿರುವ ಸ್ಟಿಲ್ ಫೋಟೋದ ಚೌಕಗಳನ್ನು ಒಂದೊಂದಾಗಿ ಏರಿಸುತ್ತಿದ್ದೆವು. ಅಣ್ಣಾವ್ರ ಮೂಗು ಒಂದು ಬೆರಳು ಗಿಡ್ಡವಾದರೆ ಕೆಳಗಿನಿಂದ ಕೂಗು ಬರುತ್ತಿತ್ತು. ನಿಮ್ಮ ಪರೀಕ್ಷಾ ಮಂಡಳಿ ಅಷ್ಟು ಕಟ್ಟುನಿಟ್ಟಾಗಿ ಮೌಲ್ಯಮಾಪನ ಮಾಡಿರಲಾರದು.

ಯೂರೋಪಿನಲ್ಲಿ ಹದಿನಾರನೆಯ ಶತಮಾನದಲ್ಲೇ ಡ್ಯೂರರ್ ಚೌಕಟ್ಟಿಗೆ ದಾರ ಕಟ್ಟಿ ಅದರ ಮೂಲಕ ನೋಡಿ ಬರೆಯುವುದನ್ನು ಚಿತ್ರಿಸಿ ತೋರಿಸಿದ್ದಾನೆ. ಅವನೂ ಕಳ್ಳನೇ?

ಪುಡಿ ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆಯುವುದು ನನ್ನ ಕೆಲಸವಾಗಿತ್ತು, ಬೆರಳ ಸಂದಿಯ ನೀಲಿ ವಾರಗಟ್ಟಲೆ ಹೋಗುತ್ತಿರಲಿಲ್ಲ. ಕೆನ್ನೆಗೆ ಗುಲಾಬಿ, ನೆರಳಿಗೆ ಹಸಿರು ಹೊಡೆಯುವುದನ್ನು ಕಂಡು ಓದಿದವರು ನಗುತ್ತಿದ್ದರು. ದೂರದಿಂದ ನೋಡಿದರೆ ಅದೇ ಹಸಿರಿನಿಂದ ಮೂಗು ಎದ್ದು ನಿಲ್ಲುತ್ತಿತ್ತು. ಕೊನೆಯ ಎರಡು ಚಿತ್ರಗಳ ಬಾಕಿ 11,000 ರೂಪಾಯಿಯನ್ನು ಒಬ್ಬ ವಿತರಕರು ಇವತ್ತಿಗೂ ಕೊಟ್ಟಿಲ್ಲ. ಬಟ್ಟೆ, ಬಿದಿರು, ಹುರಿ ಎಲ್ಲ ನಮ್ಮ ಕೈಯಿಂದಲೇ ಹಾಕಿದ್ದೆವು. ಅಷ್ಟರಲ್ಲಿ ಫ್ಲೆಕ್ಸ್ ಬಂತು, ಕೇಳಲು ಹೋದರೆ ‘ಈಗ ನೀನ್ಯಾರು’ ಎಂದರು.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:
ಕಳ್ಳ ಎಂಬ ಮಾತು ನನ್ನ ಬಾಯಿಂದ ಬಂದಿಲ್ಲ. ದೊಡ್ಡದು ಮಾಡಲು ಗ್ರಿಡ್ ಬೇಕು, ಒಪ್ಪಿದೆ. ಎ4 ಫೋಟೋ ನೋಡಿ ಎ4 ಹಾಳೆಯಲ್ಲಿ ಬರೆಯುವವರಿಗೆ ಏಕೆ ಬೇಕು?

ಧಾರವಾಡದ ಗೆರೆ:
ನೀವಿಬ್ಬರೂ ದಾರ ಎಳೆದಾಡುತ್ತಿರಿ. ಪಟ್ಟಿಯನ್ನು ಯಾರೂ ನೋಡಿದಂತೆ ಕಾಣುವುದಿಲ್ಲ. ಎಂಟಕ್ಕೆ ಎಂಟೂ ಗಂಡಸರು. ಜ್ಞಾನಪೀಠ ಹಾಗೆ ಬಂದಿದೆ, ಅದು ಪ್ರಶ್ನೆ ಕೇಳಿದವರ ತಪ್ಪಲ್ಲ. ಆದರೆ ಉಳಿದ ದಿನಗಳಿಗೂ ಜನ ಸೂಚಿಸುವುದು ಒಂದಾದ ಮೇಲೊಂದು ಮೀಸೆಯನ್ನೇ. ನಾನು ಹೋದ ವರ್ಷ ಹೆಂಗಸರ ಮುಖಗಳನ್ನೇ ಬರೆದೆ. ‘ಬರೀ ಹೆಂಗಸರೇ ಏಕೆ’ ಎಂದು ಕೇಳಿದವರು ‘ಬರೀ ಗಂಡಸರೇ ಏಕೆ’ ಎಂದು ಯಾರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಷ್ಟ ಎಲ್ಲಿತ್ತು ಎಂದರೆ ಫೋಟೋದಲ್ಲಿ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ನನಗೆ ಸಿಕ್ಕಿದ್ದು ಹಳೆಯ ಅಚ್ಚಿನ ಅಂಗೈಗಿಂತ ಚಿಕ್ಕ ಚಿತ್ರ. ಹತ್ತಿರ ಹೋದರೆ ಕೆನ್ನೆಯ ತುಂಬ ಮುದ್ರಣದ ಚುಕ್ಕಿಗಳು, ನೆರಳೇ ಇಲ್ಲ. ಮೊಬೈಲಿನಲ್ಲಿ ಹಿಗ್ಗಿಸಿದರೆ ಚುಕ್ಕಿ ದೊಡ್ಡದಾಗುತ್ತದೆ, ಮುಖವಲ್ಲ. ಕಣ್ಣು ಅರೆಮುಚ್ಚಿ, ಹಾಳೆಯನ್ನು ಕೋಣೆಯ ಆ ಕಡೆ ನಿಲ್ಲಿಸಿ ನೋಡಿದಾಗ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದು ತಿಳಿಯಿತು. ಗಂಗೂಬಾಯಿ ಹಾನಗಲ್ ಅವರಿಗೆ ಬೇಕಾದಷ್ಟು ಫೋಟೋ ಇವೆ, ಅಲ್ಲಿ ಕಾಡಿದ್ದು ಸುಕ್ಕು. ಸುಕ್ಕನ್ನು ಗೆರೆಯಾಗಿ ಎಳೆದರೆ ವಯಸ್ಸಾದವರ ಮುಖ ಬಿರುಕು ಬಿಟ್ಟ ಗೋಡೆಯಾಗುತ್ತದೆ. ಅದು ಮಡಿಕೆ, ಒಂದು ಕಡೆ ನೆರಳು, ಇನ್ನೊಂದು ಕಡೆ ಬೆಳಕು. ಎಚ್‌ಬಿ ಸಾಕು, 6ಬಿ ಮುಟ್ಟಬೇಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಬಾನು ಮುಷ್ತಾಕ್ ಅವರ ಒಳ್ಳೆಯ, ಸ್ಪಷ್ಟ ಫೋಟೋಗಳು ಎಲ್ಲೆಡೆ ಇವೆ. ಒಂಬತ್ತನೆಯ ದಿನಕ್ಕೆ ಅವರನ್ನಿಡಿ.

ಮಲ್ಲಿಗೆ ಕಡ್ಡಿ:
ಹೆಂಗಸರೆಂದರೆ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ ಇದ್ದಾರಲ್ಲ. ನಾನು ಅಕ್ಕನನ್ನು ಬರೆದೆ, ಬಹಳ ಚೆನ್ನಾಗಿ ಬಂತು, ಎಲ್ಲರೂ ಮೆಚ್ಚಿದರು.

ಧಾರವಾಡದ ಗೆರೆ:
ಹನ್ನೆರಡನೆಯ ಶತಮಾನದವರ ಮುಖ ‘ಚೆನ್ನಾಗಿ ಬಂತು’ ಎಂದು ಹೇಗೆ ತಿಳಿಯಿತು? ಯಾವುದಕ್ಕೆ ಹೋಲಿಸಿದಿರಿ? ಕ್ಯಾಲೆಂಡರಿಗೆ?

ಮಲ್ಲಿಗೆ ಕಡ್ಡಿ:
ಭಕ್ತಿಯಿಂದ ಬರೆದದ್ದನ್ನು ಹೀಯಾಳಿಸುವುದು ಬೇಕಿರಲಿಲ್ಲ ಮೇಡಂ. ಕ್ಯಾಲೆಂಡರು ಬರೆದವರೂ ಕಲಾವಿದರೇ.

ಕಟೌಟ್ ಕಾಲದವನು:
ಈ ಮಾತಿಗೆ ನನ್ನ ಓಟು ಇದೆ. ಆದರೆ ತಂಗೀ, ಅದು ಮುಖದ ಸವಾಲಲ್ಲ. ಹೋಲಿಕೆ ಕೇಳಲು ಯಾರೂ ಇಲ್ಲದ ಮುಖವನ್ನು ಸುಸ್ತಾದ ದಿನಕ್ಕೆ ಇಟ್ಟುಕೊಳ್ಳಬೇಕು. ನಾನೂ ಕೆಂಪೇಗೌಡರನ್ನು ಹಾಗೆಯೇ ಬರೆದದ್ದು.

ಕಾಯಿದೆ ಓದಿದವನು:
ಫೋಟೋ ಎಲ್ಲಿಂದ ಎಂದು ಕೇಳಿದ್ದಾರೆ, ಒಬ್ಬರೂ ಉತ್ತರಿಸಿಲ್ಲ. ನಾನು ಒಬ್ಬ ಸಂಗೀತಗಾರರ ಮುಖವನ್ನು ಅಂತರ್ಜಾಲದ ಫೋಟೋ ನೋಡಿ ಬರೆದು, ಪ್ರಿಂಟ್ ಮಾಡಿಸಿ ಒಂದಕ್ಕೆ 350 ರೂಪಾಯಿಯಂತೆ ಮಾರಿದೆ. ಫೋಟೋ ತೆಗೆದವರ ಕಡೆಯಿಂದ ವಕೀಲರ ಪತ್ರ ಬಂತು. ಮಾತುಕತೆಯಲ್ಲಿ 8,000ಕ್ಕೆ ಮುಗಿಯಿತು, ನನ್ನ ವಕೀಲರಿಗೆ 2,500, ಉಳಿದ ಪ್ರಿಂಟ್‌ಗಳು ಮಂಚದ ಕೆಳಗಿವೆ. ಮುಖ ಆ ಸಂಗೀತಗಾರರದ್ದು, ಪೆನ್ಸಿಲ್ ನನ್ನದು, ಇವರಿಗೇನು ಹಕ್ಕು ಎಂದು ನಾನೂ ವಾದಿಸಿದೆ. ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಫೋಟೋದ ಹಕ್ಕು ಛಾಯಾಗ್ರಾಹಕರದ್ದು, ಫೋಟೋದಲ್ಲಿರುವವರದ್ದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಮೊದಲು ಫೋಟೋ ಪ್ರಕಟವಾದ ವರ್ಷದಿಂದ 60 ವರ್ಷದ ಲೆಕ್ಕ ಇತ್ತು. 2012ರ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿತು. ಈಗ ಛಾಯಾಗ್ರಾಹಕರ ಜೀವಿತಾವಧಿ, ಅದರ ಮೇಲೆ 60 ವರ್ಷ. ಮನೆಯಲ್ಲಿ ಅಭ್ಯಾಸಕ್ಕೆ ಬರೆದರೆ ಯಾರೂ ಬರುವುದಿಲ್ಲ. ಮಾರುವ ಯೋಚನೆ ಇದ್ದರೆ ಫೋಟೋ ತೆಗೆದವರಿಗೆ ಮೊದಲೇ ಬರೆದು ಕೇಳಿ.

ಸಂತೆಗೆ ಹೋಗಿಬಂದವನು:
ಬೆಂಗಳೂರಿನಲ್ಲಿ ಜನವರಿಯ ಚಿತ್ರಸಂತೆಗೆ ಹೋಗಿ ನೋಡಿ ಸ್ವಾಮಿ, ಕುಮಾರಕೃಪಾ ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಮುಖಗಳೇ. ಎಷ್ಟು ಜನರಿಗೆ ನೋಟಿಸ್ ಹೋಗಿದೆ? ನಾನು ಸವಾಲು ಮುಗಿಸಿದ ಉತ್ಸಾಹದಲ್ಲಿ ಚಿತ್ರಗಳಿಗೆಲ್ಲ ಕಟ್ಟು ಹಾಕಿಸಿಕೊಂಡು ಅಲ್ಲಿಗೆ ಹೊತ್ತುಕೊಂಡು ಹೋದೆ. ಎ4ಗೆ ಒಂದು ಕಟ್ಟು 480. ಗಾಜಿನ ಬದಲು ಅಕ್ರಿಲಿಕ್ ಹಾಳೆ ಕೇಳಿದರೆ ಇನ್ನೂ 130. ಬೇಡವೆಂದು ಗಾಜೇ ಹಾಕಿಸಿದ್ದು, ಬಸ್ಸಿನಲ್ಲಿ ಗೋಕಾಕರ ಗಾಜು ಒಡೆಯಿತು, ಚೂರು ಕಂಬಾರರ ಹಾಳೆಯನ್ನು ಕೆರೆಯಿತು.

ಮಾರಾಟವಾದದ್ದು ಪುನೀತ್. ಇದ್ದದ್ದೆಲ್ಲ ಮಧ್ಯಾಹ್ನದೊಳಗೆ ಖಾಲಿ. ಒಬ್ಬ ತಾಯಿ ಹಣ ಕೊಡುವಾಗ ಅತ್ತರು, ಅದನ್ನು ನಾನು ಮರೆಯುವುದಿಲ್ಲ. ಅನಂತಮೂರ್ತಿಯವರ ಗಡ್ಡಕ್ಕೆ ಎಷ್ಟು ಸಂಜೆ ಸುರಿದಿದ್ದೆನೋ, ಯಾರೂ ಬೆಲೆ ಕೂಡ ಕೇಳಲಿಲ್ಲ. ಅದು ಈಗ ನಮ್ಮ ಮನೆಯ ಫ್ರಿಜ್ಜಿನ ಮೇಲಿದೆ. ಆದ್ದರಿಂದ ಪಟ್ಟಿ ಮಾಡುವಾಗ ಯೋಚಿಸಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:
ಮುಖ ಮಾರುವ ಲೆಕ್ಕದಲ್ಲಿ ಪಟ್ಟಿ ಮಾಡಬೇಕೇ? ಕೇಳಿದವರು ಕಲಿಯಲು ಕೇಳಿದ್ದಾರೆ.

ಸಂತೆಗೆ ಹೋಗಿಬಂದವನು:
ಸರ್ಕಾರಿ ಪಿಂಚಣಿ ಬರುವವರಿಗೆ ಈ ಮಾತು ಸುಲಭ.

ಕರಾವಳಿ ಇದ್ದಲು:
ಗಾಜು ಹಾಳೆಗೆ ಅಂಟಿಕೊಳ್ಳದಂತೆ ನಡುವೆ ರಟ್ಟಿನ ಮೌಂಟ್ ಹಾಕಿಸಿದ್ದಿರಾ? ನನ್ನ ಬೇಂದ್ರೆಯವರ ಕಣ್ಣು ಒಂದೇ ಮಳೆಗಾಲದಲ್ಲಿ ಗಾಜಿಗೆ ಅಂಟಿತು. ಕಟ್ಟು ಹಾಕುವವನು ಮೌಂಟಿಗೆ 150 ಹೆಚ್ಚು ಎಂದಿದ್ದ, ಏಕೆ ಬೇಕೆಂದು ಹೇಳಲಿಲ್ಲ.

ಸಂಜೆಯ ಪೆನ್ಸಿಲ್:
ಎಲ್ಲರಿಗೂ ವಂದನೆ. ಮಾರುವ ಯೋಚನೆ ನನಗಿಲ್ಲ. ಏಳನೆಯ ದಿನಕ್ಕೆ ಗಿರೀಶ ಕಾರ್ನಾಡರು ಬರುತ್ತಾರೆ. ಕೊನೆಯ ವರ್ಷಗಳ ಫೋಟೋದಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಇದೆ. ಬರೆಯಲೇ, ಬಿಡಲೇ? ಹಾಗೆಯೇ ಎ4 ಎ5 ಪ್ರಶ್ನೆ ಇನ್ನೂ ಉಳಿದಿದೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು:
ಬಿಡಿ. ಭಾವಚಿತ್ರವೆಂದರೆ ಮನುಷ್ಯ, ಅವನ ಕಾಯಿಲೆಯಲ್ಲ. ನಡುವಯಸ್ಸಿನ ಫೋಟೋ ಹುಡುಕಿ, ದಟ್ಟ ಹುಬ್ಬು ಸಿಗುತ್ತದೆ.

ಧಾರವಾಡದ ಗೆರೆ:
ಬರೆಯಿರಿ. ಅವರು ಅದನ್ನು ಮುಚ್ಚಿಟ್ಟವರಲ್ಲ, ಸಭೆಗಳಿಗೆ ಹಾಕಿಕೊಂಡೇ ಬರುತ್ತಿದ್ದರು. 2018ರಲ್ಲಿ ಗೌರಿ ಲಂಕೇಶ್ ನೆನಪಿನ ಕಾರ್ಯಕ್ರಮಕ್ಕೂ ಹಾಗೆಯೇ ಬಂದರು, ಕೊರಳಲ್ಲಿ ‘ಮೀ ಟೂ ಅರ್ಬನ್ ನಕ್ಸಲ್’ ಎಂಬ ಫಲಕವನ್ನೂ ಹಾಕಿಕೊಂಡು. ಅವರೇ ಅಳಿಸದಿದ್ದದ್ದನ್ನು ನಾವು ರಬ್ಬರ್ ಹಿಡಿದು ಅಳಿಸಬೇಕೇ?

ಸಂತೆಗೆ ಹೋಗಿಬಂದವನು:
ಫಲಕದ ಮಾತು ತೆಗೆದರೆ ಇಲ್ಲಿ ಬೇರೆ ಜಗಳ ಶುರುವಾಗುತ್ತದೆ.

ಧಾರವಾಡದ ಗೆರೆ:
ಆಗಲಿ. ಪೇಟದ ಬಗ್ಗೆ ಇಷ್ಟು ಹೊತ್ತು ಆಗಲಿಲ್ಲವೇ?

ಕಟೌಟ್ ಕಾಲದವನು:
ಕೊಳವೆ ಬರೆಯುವುದಾದರೆ ಎ4 ತೆಗೆದುಕೊಳ್ಳಿ. ಎ5ನಲ್ಲಿ ಮೂಗಿನ ಕೆಳಗೆ ಸಿಗುವುದು ಅರ್ಧ ಬೆರಳಿನ ಜಾಗ. 6ಬಿ ಹಿಡಿದರೆ ಕೊಳವೆ ಹೋಗಿ ಮೀಸೆಯಾಗುತ್ತದೆ, ಜನ ಬೇರೆ ಯಾರದೋ ಹೆಸರು ಹೇಳುತ್ತಾರೆ. ಹೊಳಪಿನ ಗೆರೆಯನ್ನು ಮೊದಲೇ ಬಿಟ್ಟುಕೊಂಡು ಎರಡು ಪಕ್ಕಕ್ಕೆ ಮಾತ್ರ ಎಚ್‌ಬಿ ನೆರಳು ಕೊಡಿ. ಗ್ರಿಡ್ ಹಾಕಿಕೊಂಡೇ ಬರೆಯಿರಿ, ಮೇಷ್ಟ್ರಿಗೆ ಹೇಳಬೇಡಿ.