ಸಹಾಯ ಬೇಕು: ಪಿತ್ತನಾಳ ಹಿಗ್ಗಿದೆ, ಕಾರಣ ಕಾಣಿಸಿಲ್ಲ

ಅಮ್ಮನಿಗೆ ಕಾಮಾಲೆ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬಿಳಿಚಿಕೊಂಡಿದೆ, ರಾತ್ರಿಯಿಡೀ ಮೈ ತುರಿಕೆ. ಅಲ್ಟ್ರಾಸೌಂಡ್ ಮಾಡಿಸಿದೆವು. ಮುಖ್ಯ ಪಿತ್ತನಾಳ 11 ಮಿ.ಮೀ. ಇದೆ, ಸಾಮಾನ್ಯವಾಗಿ 6 ಮಿ.ಮೀ. ಆಸುಪಾಸು ಇರಬೇಕು. ಪಿತ್ತಕೋಶದಲ್ಲಿ ಸಣ್ಣ ಕಲ್ಲುಗಳಿವೆ. ಆದರೆ ನಾಳದ ಕೆಳತುದಿ ಕರುಳಿನ ಗ್ಯಾಸ್‌ನಿಂದ ಕಾಣಿಸಲಿಲ್ಲ ಅಂತ ರಿಪೋರ್ಟ್ ಹೇಳುತ್ತದೆ. ಕಲ್ಲು ಸಿಕ್ಕಿಕೊಳ್ಳುವುದು ಜಾಸ್ತಿ ಅಲ್ಲೇ ಅಲ್ವಾ? ನಾಳ ಹಿಗ್ಗಿದ್ದನ್ನು ಈ ಸ್ಕ್ಯಾನ್ ಚೆನ್ನಾಗಿ ಹಿಡಿಯುತ್ತದೆ, ಅಡ್ಡ ಏನಿದೆ ಅನ್ನುವುದು ಎಷ್ಟೋ ಸಲ ತಪ್ಪಿಹೋಗುತ್ತದೆ.

ವೈದ್ಯರು ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್) ಅಂದಿದ್ದಾರೆ. ಇಂಥ ರಿಪೋರ್ಟ್ ಬಂದವರು ಯಾವುದನ್ನು ಮಾಡಿಸಿದಿರಿ? ವಯಸ್ಸಾದವರಿಗೆ ಯಾವುದು ಸುಲಭ? ಖಾಲಿ ಹೊಟ್ಟೆಯಲ್ಲಿ ಮತ್ತೆ ಅಲ್ಟ್ರಾಸೌಂಡ್ ಮಾಡಿಸಿದರೆ ಪ್ರಯೋಜನ ಇದೆಯಾ, ಸುಮ್ನೆ ದಿನ ಕಳೆದಂತಾಗುತ್ತಾ? ಚಳಿಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗುತ್ತೇವೆ. ಸದ್ಯಕ್ಕೆ ಜ್ವರ ಇಲ್ಲ. ಅನುಭವ ಇದ್ದವರು ದಯವಿಟ್ಟು ಇವತ್ತೇ ಬರೆಯಿರಿ.