ಟೊಮೇಟೊ ಕೆಜಿಗೆ ಎಷ್ಟು ಬಿತ್ತು?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು ‘ದೊಡ್ಡಮನೆ ಬಳಗ’. ಒಟ್ಟು 31 ಜನ. ಇಲ್ಲಿ ಜಗಳ ಆಗುವುದು ಎರಡೇ ವಿಷಯಕ್ಕೆ: ಒಂದು ಆಸ್ತಿ, ಇನ್ನೊಂದು ಫಾರ್ವರ್ಡು. ಕಳೆದ ಭಾನುವಾರ ಎರಡೂ ಒಂದೇ ದಿನ ಬಂದವು. ಅವತ್ತಿನ ಮಾತುಕತೆಯನ್ನು ಹಾಗೇ ಇಳಿಸಿದ್ದೇನೆ. ಅಜ್ಜಿಯ ವಾಯ್ಸ್ ನೋಟನ್ನು ಕೇಳಿಕೊಂಡು ಬರೆದೆ. ಎಲ್ಲರ ಅಕ್ಷರ ತಪ್ಪು ತಿದ್ದಿದ್ದೇನೆ, ದೊಡ್ಡಪ್ಪನ ಕೋಪವನ್ನು ತಿದ್ದಿಲ್ಲ.

ದೊಡ್ಡಪ್ಪ, ಬೆಳಿಗ್ಗೆ 6:12 (ಅನೇಕ ಬಾರಿ ಫಾರ್ವರ್ಡ್ ಆಗಿದೆ)
ಪ್ರತಿ ಮನೆಯ ತಾರಸಿಯಲ್ಲೂ ತೋಟ ಇದ್ದರೆ ದೇಶದಲ್ಲಿ ಹಸಿವು ಅನ್ನುವ ಮಾತೇ ಇರುವುದಿಲ್ಲ! ಕ್ಯೂಬಾ ದೇಶದ ಜನ ಪಟ್ಟಣದ ನಡುವೆ ತರಕಾರಿ ಬೆಳೆದು ತಮ್ಮ ಕಾಲ ಮೇಲೆ ತಾವು ನಿಂತರು. ನಾವು ಮಾತ್ರ ಬಿಟ್ಟಿ ಅಕ್ಕಿಗೆ ಸಾಲು ನಿಲ್ಲುತ್ತೇವೆ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ, 6:13
(ಫೋಟೊ) ನಮ್ಮ ಮೈಸೂರಿನ ತಾರಸಿ. ಇವತ್ತಿನ ಕೊಯ್ಲು. ಒಂದು ಹನಿ ವಿಷ ಹೊಡೆದಿಲ್ಲ.

ದೊಡ್ಡಮ್ಮ, 7:40
ಕೊಯ್ಲು ಅಂದರೆ 11 ಟೊಮೇಟೊ. ಕುಂಡ, ತೆಂಗಿನ ನಾರಿನ ಪುಡಿ, ಬೇವಿನ ಹಿಂಡಿ, ಹನಿ ನೀರಿನ ಪೈಪು ಎಲ್ಲ ಸೇರಿಸಿ ನಾನು ಲೆಕ್ಕ ಬರೆದಿಟ್ಟಿದ್ದೇನೆ. ಕೆಜಿಗೆ 400 ರೂಪಾಯಿ ಬಿದ್ದಿದೆ.

ದೊಡ್ಡಪ್ಪ, 7:44
ಕುಂಡ ಹತ್ತು ವರ್ಷ ಬರುತ್ತದೆ. ಅದನ್ನೆಲ್ಲ ಒಂದೇ ಬೆಳೆಗೆ ಹಾಕಬಾರದು.

ದೊಡ್ಡಮ್ಮ, 7:45
ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ನಾನು ಲೆಕ್ಕ ಹೇಳಿಕೊಡಬೇಕಾ?

ಸರೋಜತ್ತೆ, 8:20
ಅಣ್ಣ, ಟೊಮೇಟೊ ಚೆನ್ನಾಗಿದೆ. ಆದರೆ ‘ಬಿಟ್ಟಿ ಅಕ್ಕಿ’ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ನನ್ನ ಶಾಲೆಯ ಅರ್ಧ ಮಕ್ಕಳ ಮನೆ ನಡೆಯುವುದೇ ಅದರಲ್ಲಿ. ಅವರಿಗೆ ತಾರಸಿಯೇ ಇಲ್ಲ. ಇರುವುದು ಶೀಟಿನ ಮಾಡು. ತೋಟ ಎಲ್ಲಿ ಮಾಡಲಿ ಅವರು, ಶೀಟಿನ ಮೇಲಾ?

ದೊಡ್ಡಪ್ಪ, 8:26
ನಾನು ಯಾರನ್ನೂ ಬೈದಿಲ್ಲ ಸರೋಜ. ಬೇರೆಯವರು ಬರೆದಿದ್ದನ್ನು ಕಳಿಸಿದೆ ಅಷ್ಟೇ. ಮನಸ್ಸು ಮಾಡಿದರೆ ದಾರಿ ಇದೆ ಅಂತ ಅದರ ಅರ್ಥ.

(ಫಾರ್ವರ್ಡ್ ಮಾಡಿದ ಎಲ್ಲರೂ ಕೊನೆಗೆ ಈ ಮಾತಿಗೇ ಬರುತ್ತಾರೆ. ಕಳಿಸುವಾಗ ನಮ್ಮದು, ಕೇಳಿದಾಗ ಬೇರೆಯವರದು.)

ಚಿಕ್ಕಪ್ಪ, 8:50
ಅಣ್ಣ, ಗದ್ದೆಯಿಂದ ಈಗ ಬಂದೆ. ಒಂದು ಲೆಕ್ಕ ಹೇಳುತ್ತೇನೆ. ಎಕರೆಗೆ 43,560 ಚದರಡಿ. 30-40 ಸೈಟು ಅಂದರೆ 1,200 ಚದರಡಿ. ಒಂದು ಎಕರೆಗೆ 36 ಸೈಟು. ನಾಲೆ ನೀರು ಸರಿಯಾಗಿ ಬಂದ ವರ್ಷ ನನಗೆ ಎಕರೆಗೆ 25 ಕ್ವಿಂಟಾಲ್ ಭತ್ತ ಬರುತ್ತದೆ. ಹಾಗಾದರೆ ಒಂದು ಸೈಟಿಗೆ 70 ಕೆಜಿ ಭತ್ತ. ಮಿಲ್ಲಿಗೆ ಹಾಕಿದರೆ 45 ಕೆಜಿ ಅಕ್ಕಿ. ಇಡೀ ಮನೆ ಒಡೆದು ಗದ್ದೆ ಮಾಡಿದರೂ ನಿನ್ನೊಬ್ಬನಿಗೆ ವರ್ಷಕ್ಕೆ ಸಾಲುವುದಿಲ್ಲ.

ದೊಡ್ಡಪ್ಪ, 8:53
ತಾರಸಿಯಲ್ಲಿ ಭತ್ತ ಹಾಕು ಅಂತ ಯಾರು ಹೇಳಿದರು? ತರಕಾರಿ ಅಂದೆ.

ಶ್ರುತಿ, 9:05
ದೊಡ್ಡಪ್ಪ, ನಾನು ಆಸ್ಪತ್ರೆಯಲ್ಲಿ ದಿನಾ ಹೇಳುವುದು ಅದನ್ನೇ. ಒಂದು ಕೆಜಿ ಅಕ್ಕಿಯಲ್ಲಿ ಸುಮಾರು 3,500 ಕ್ಯಾಲೊರಿ ಇದೆ. ಅಷ್ಟು ಶಕ್ತಿ ಸೊಪ್ಪಿನಿಂದಲೇ ಬರಬೇಕು ಅಂದರೆ ಹತ್ತು ಕೆಜಿ ತಿನ್ನಬೇಕು. ಹಸು ತಿನ್ನುತ್ತದೆ, ನಮ್ಮಿಂದ ಆಗುವುದಿಲ್ಲ. ಹೊಟ್ಟೆ ತುಂಬಿಸುವುದು ಅಕ್ಕಿ, ರಾಗಿಯಂಥ ಕಾಳು. ಅದಕ್ಕೆ ಗದ್ದೆ, ಹೊಲವೇ ಬೇಕು.

ದೊಡ್ಡಪ್ಪ, 9:07
ಹಾಗಾದರೆ ನಾನು ಮಾಡುತ್ತಿರುವುದು ದಂಡ ಅಂತೀಯಾ?

ಶ್ರುತಿ, 9:15
ಇಲ್ಲ, ಪೂರ್ತಿ ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 5 ವರ್ಷದ ಒಳಗಿನ ಮಕ್ಕಳಲ್ಲಿ ನೂರಕ್ಕೆ 65 ಜನಕ್ಕೆ ರಕ್ತ ಕಡಿಮೆ. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ. ಇದೆಲ್ಲ ಅನ್ನಭಾಗ್ಯ ಬಂದು ಎಷ್ಟೋ ವರ್ಷ ಆದ ಮೇಲಿನ ಮಾತು. ಅಂದರೆ ತಟ್ಟೆಯಲ್ಲಿ ಅನ್ನ ಇದೆ, ಅನ್ನದ ಜೊತೆ ಕಲಸಿಕೊಳ್ಳುವುದಕ್ಕೆ ಏನೂ ಇಲ್ಲ. ನಿಮ್ಮ ತೋಟ ಕೆಲಸಕ್ಕೆ ಬರುವುದು ಅಲ್ಲಿ.

ಶ್ರುತಿ, 9:16
ಸೊಪ್ಪೊಂದೇ ತಿಂದರೆ ರಕ್ತ ಏರುತ್ತದೆ ಅಂತಲೂ ಅಲ್ಲ. ಕಬ್ಬಿಣದ ಮಾತ್ರೆ ಬೇಕು, ಜಂತುಹುಳದ ಮಾತ್ರೆ ಬೇಕು. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಬೇಕು. ಊಟ ಆದ ತಕ್ಷಣ ಟೀ ಕುಡಿಯಬಾರದು. ಇದು ದೊಡ್ಡಮ್ಮನಿಗೆ.

ದೊಡ್ಡಮ್ಮ, 9:17
ನನ್ನ ಟೀ ತಂಟೆಗೆ ಬರಬೇಡ.

ಮಧು (ಸಿಯಾಟಲ್), 9:30
ಇಲ್ಲಿ ಇನ್ನೂ ಶನಿವಾರ ರಾತ್ರಿ. ನಾನು ದೊಡ್ಡಪ್ಪನ ಪರ. ನಮ್ಮ ಊರಿನಲ್ಲಿ ಪಿ-ಪ್ಯಾಚ್ ಅಂತ ಸಮುದಾಯ ತೋಟಗಳಿವೆ, 1973ರಿಂದ ನಡೆಯುತ್ತಿವೆ. ನನಗೂ ಒಂದು ತುಂಡು ಸಿಕ್ಕಿದೆ, ಮೆಂತ್ಯ ಹಾಕಿದ್ದೇನೆ. ಜಾಸ್ತಿಯಾದ ಸೊಪ್ಪು ತರಕಾರಿಯನ್ನು ಬಡವರಿಗೆ ಊಟದ ಸಾಮಾನು ಕೊಡುವ ಫುಡ್ ಬ್ಯಾಂಕಿಗೆ ಕೊಡುತ್ತೇವೆ. ಎರಡನೇ ಮಹಾಯುದ್ಧದಲ್ಲಂತೂ ಅಮೆರಿಕದಲ್ಲಿ ಸುಮಾರು 2 ಕೋಟಿ ‘ವಿಕ್ಟರಿ ಗಾರ್ಡನ್’ ಇದ್ದವು. ದೇಶ ತಿಂದ ತಾಜಾ ತರಕಾರಿಯಲ್ಲಿ ನೂರಕ್ಕೆ 40 ಭಾಗ ಅಲ್ಲಿಂದಲೇ ಬಂತು ಅಂತ ಲೆಕ್ಕ.

ಚಿಕ್ಕಪ್ಪ, 9:34
ತರಕಾರಿಯಲ್ಲಿ 40 ಭಾಗ. ಬ್ರೆಡ್ಡಿನ ಗೋಧಿ ಯಾರು ಬೆಳೆದರು ಮಗ?

ಮಧು (ಸಿಯಾಟಲ್), 9:36
ರೈತರೇ, ಚಿಕ್ಕಪ್ಪ. ಯುದ್ಧ ಮುಗಿದ ಮೇಲೆ ಆ ತೋಟಗಳೂ ಹೆಚ್ಚು ದಿನ ಉಳಿಯಲಿಲ್ಲ.

ಇಲ್ಲಿಯವರೆಗೆ ನಾನು ಸುಮ್ನೆ ಓದುತ್ತಿದ್ದೆ. ಕ್ಯೂಬಾ ವಿಷಯ ಯಾರೂ ಎತ್ತಲಿಲ್ಲ ಅಂತ ತುರಿಕೆ ಶುರುವಾಯಿತು.

ನಾನು, 9:50
ದೊಡ್ಡಪ್ಪ, ಕ್ಯೂಬಾ ಕತೆ ನಿಜ, ಆದರೆ ಅರ್ಧ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದಾಗ ಅವರಿಗೆ ಅಲ್ಲಿಂದ ಬರುತ್ತಿದ್ದ ಡೀಸೆಲ್, ಗೊಬ್ಬರ ಎಲ್ಲ ನಿಂತಿತು. ಟ್ರ್ಯಾಕ್ಟರ್ ಬಿಟ್ಟು ಎತ್ತು ಕಟ್ಟಿದರು. ಹವಾನಾ ಪಟ್ಟಣದ ಖಾಲಿ ಜಾಗದಲ್ಲಿ ಮಡಿ ಕಟ್ಟಿ, ಕಾಂಪೋಸ್ಟ್ ಗೊಬ್ಬರ ತುಂಬಿ ಸೊಪ್ಪು, ತರಕಾರಿ ಬೆಳೆದರು. ಆರ್ಗನೊಪೋನಿಕೊ ಅಂತ ಅದರ ಹೆಸರು. ಊರಿನ ತರಕಾರಿಗೆ ಅದು ನಿಜಕ್ಕೂ ಆಸರೆಯಾಯಿತು. ಆದರೆ ಅಕ್ಕಿ ಅವರು ಇವತ್ತಿಗೂ ಹೊರದೇಶದಿಂದ ತರಿಸುತ್ತಾರೆ. ಇನ್ನೊಂದು ವಿಷಯ ಗೊತ್ತಾ? ಕ್ಯೂಬಾದಲ್ಲೂ ರೇಷನ್ ಕಾರ್ಡ್ ಇದೆ. 1962ರಿಂದ!

ಸರೋಜತ್ತೆ, 9:51
ಅಲ್ಲೂ ಸಾಲು ನಿಲ್ಲುತ್ತಾರಾ? ಪಾಪ.

ನಾನು, 9:55
ಫಾರ್ವರ್ಡಿನಲ್ಲಿ ಇಲ್ಲದ್ದು ಇನ್ನೂ ಒಂದು ಇದೆ. ಆ ಖಾಲಿ ಜಾಗ ಸುಮ್ನೆ ಸಿಗಲಿಲ್ಲ. ಬೆಳೆಯುತ್ತೇವೆ ಅಂದವರಿಗೆ ಸರ್ಕಾರ ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟಿತು. ಬೀಜ ಕೊಡುವುದಕ್ಕೆ, ಹೇಳಿಕೊಡುವುದಕ್ಕೆ ಜನ ಇಟ್ಟಿತು.

ದೊಡ್ಡಪ್ಪ, 10:02
ಎಲ್ಲರೂ ಸೇರಿ ಮುಗಿಬಿದ್ದಿರಿ. ಒಳ್ಳೆಯದನ್ನು ಹಾಕಿದರೂ ತಪ್ಪೇ ಹುಡುಕುತ್ತೀರಿ. ಇನ್ನು ಮೇಲೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನೂ ಹಾಕುವುದಿಲ್ಲ.

ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಪುಟ್ಟಿಯ ಫೋನಿನಿಂದ ಅಜ್ಜಿಯ ವಾಯ್ಸ್ ನೋಟು ಬಂತು. ಹಿಂದೆ ಕೋಳಿ ಕೂಗುವುದೂ ಕೇಳಿಸುತ್ತಿತ್ತು.

ಪುಟ್ಟಿ (ಅಜ್ಜಿಯ ಮಾತು), 10:24
ಏನು ತೋಟ ತೋಟ ಅಂತ ಕಿತ್ತಾಡುತ್ತೀರಿ? ನಾವು ಆಗೆಲ್ಲ ಸೊಪ್ಪು ಬಿತ್ತಿ ಬೆಳೆದವರಲ್ಲ. ರಾಗಿ ಹೊಲದಲ್ಲಿ ಕಳೆ ತೆಗೆಯುವುದಕ್ಕೆ ಹೋದರೆ ಮಡಿಲು ತುಂಬ ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ, ಕಿರಗಸಾಲೆ. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬಚ್ಚಲ ನೀರಿಗೆ ಬಾಳೆ, ಕೆಸು. ಈಗ ಹೊಲಕ್ಕೆಲ್ಲ ಕಳೆ ಸಾಯುವ ಔಷಧಿ ಹೊಡೆಯುತ್ತಾನೆ ನನ್ನ ಮಗ. ಬೆರಕೆ ಸೊಪ್ಪು ಎಲ್ಲಿಂದ ಬರುತ್ತದೆ?

ಚಿಕ್ಕಪ್ಪ, 10:27
ಅವ್ವ, ಕಳೆ ಕೀಳುವುದಕ್ಕೆ ಆಳು ಎಲ್ಲಿ ಸಿಗುತ್ತಾರೆ? ಕೂಲಿ ಎಷ್ಟಾಗಿದೆ ಗೊತ್ತಾ?

ಪುಟ್ಟಿ (ಅಜ್ಜಿಯ ಮಾತು), 10:31
ಅದೂ ಸರಿಯೇ. ಆದರೆ ಒಂದು ಮಾತು. ಆ ದೊಡ್ಡ ಬರ ಬಂತಲ್ಲ, ಅಮೆರಿಕದ ಗೋಧಿ ಕೊಡುತ್ತಿದ್ದರಲ್ಲ, ಆಗ ಮನೆಯಲ್ಲಿ ರಾಗಿ ಮುಗಿದು ಬರೀ ಸೊಪ್ಪು ಬೇಯಿಸಿ ತಿಂದ ದಿನಗಳಿವೆ. ಉಪ್ಪು ಹಾಕಿ ಎಷ್ಟು ತಿಂದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ನಿನ್ನ ದೊಡ್ಡಪ್ಪ ಆಗ ಚಿಕ್ಕವನು. ಅವನಿಗೆ ನೆನಪಿಲ್ಲ. ಮುದ್ದೆ ಇದ್ದರೆ ಸೊಪ್ಪು ರುಚಿ. ಮುದ್ದೆ ಇಲ್ಲದಿದ್ದರೆ ಅದು ಬರೀ ಎಲೆ.

ದೊಡ್ಡಪ್ಪ, 10:40
ನೆನಪಿದೆ ಅವ್ವ.

ಸರೋಜತ್ತೆ, 10:52
ಅಣ್ಣ, ಬೇಜಾರು ಮಾಡಿಕೊಳ್ಳಬೇಡ. 2023ರಲ್ಲಿ ಸರ್ಕಾರಕ್ಕೆ ಅನ್ನಭಾಗ್ಯದ ಇನ್ನೈದು ಕೆಜಿ ಅಕ್ಕಿ ಸಿಗದೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ದುಡ್ಡು ಹಾಕಿದರಲ್ಲ, ಆಗ ನಮ್ಮ ಊರಿನ ಹೆಂಗಸರು ಅದರಲ್ಲಿ ಬೇಳೆ, ಎಣ್ಣೆ ತಂದರು. ಅವರಿಗೆ ಏನು ಕಮ್ಮಿ ಇದೆ ಅಂತ ಅವರಿಗೇ ಗೊತ್ತು. ಶಾಲೆಯಲ್ಲಿ ಬಿಸಿಯೂಟ ಇದೆ, ಹಾಲಿದೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ದುಡ್ಡು ಸೇರಿ ವಾರಕ್ಕೆ 6 ದಿನ ಮೊಟ್ಟೆ. ಕಮ್ಮಿ ಇರುವುದು ಸಾಂಬಾರಿಗೆ ಹಾಕುವ ತರಕಾರಿ, ಸೊಪ್ಪು. ತರಕಾರಿ ರೇಟು ಏರಿದರೆ ಸಾಂಬಾರು ನೀರಾಗುತ್ತದೆ. ಕೈತೋಟ ಮಾಡಿ ಅಂತ ಸರ್ಕಾರವೂ ಹೇಳಿದೆ. ನಾವೂ ಮಾಡಿದ್ದೇವೆ. ಮಕ್ಕಳು ಕೈ ತೊಳೆಯುವ ನೀರು ಹರಿಯುವ ಕಡೆ ಎರಡು ನುಗ್ಗೆ, ಒಂದು ಪಪ್ಪಾಯಿ, ಕರಿಬೇವು. ಅದಕ್ಕಿಂತ ಜಾಸ್ತಿ ಜಾಗ ಇಲ್ಲ.

ಸರೋಜತ್ತೆ, 10:54
ಕಾಂಪೌಂಡಿನ ಆಚೆ ಎರಡು ಗುಂಟೆ ಖಾಲಿ ಬಿದ್ದಿದೆ. ಪಾರ್ಥೇನಿಯಂ ಬೆಳೆದಿದೆ. ಅದು ಯಾರದು ಅಂತ ಎಲ್ಲರಿಗೂ ಗೊತ್ತು.

ನಮ್ಮದೇ. ಅಜ್ಜನ ಕಾಲದ್ದು, ಇನ್ನೂ ಭಾಗ ಆಗಿಲ್ಲ. ಗುಂಪಿನಲ್ಲಿ ಎಷ್ಟೋ ಜನ ನೋಡಿರಬೇಕು. ಒಬ್ಬರೂ ಬರೆಯಲಿಲ್ಲ.

ಚಿಕ್ಕಪ್ಪ, 11:20
ಸರೋಜ, ಕೊಡುವುದು ಸುಲಭ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ. ನಾಳೆ ಶಾಲೆಯದೇ ಅಂತ ಬೋರ್ಡು ಹಾಕಿದರೆ?

ಸರೋಜತ್ತೆ, 11:22
ಮೂರು ವರ್ಷಕ್ಕೆ ಅಂತ ಕಾಗದ ಬರೆಸಿಕೊಳ್ಳಿ. ನಾನೇ ಸಾಕ್ಷಿ ಹಾಕುತ್ತೇನೆ. ಅಪ್ಪ ಇದ್ದಿದ್ದರೆ ಕಾಗದವೂ ಕೇಳುತ್ತಿರಲಿಲ್ಲ.

ಶ್ರುತಿ, 11:25
ದೊಡ್ಡಪ್ಪ, ಫಾರ್ವರ್ಡಿನಲ್ಲಿ ಇರುವ ಹಾಗೆ ದೇಶದ ಹಸಿವು ಹೋಗುವುದಿಲ್ಲ. ಆದರೆ ಅಷ್ಟು ಮಕ್ಕಳ ಸಾಂಬಾರಿಗೆ ವಾರದಲ್ಲಿ ಮೂರು ದಿನ ಸೊಪ್ಪು ಬೀಳುತ್ತದೆ. ಅದು ಸಣ್ಣದೇನಲ್ಲ.

ಚಿಕ್ಕಪ್ಪ, 11:31
ಸರಿ, ಮೂರು ವರ್ಷ. ಬೇಸಿಗೆ ರಜೆಯಲ್ಲಿ ನೀರು ಯಾರು ಹಾಕುತ್ತಾರೆ? ಏಪ್ರಿಲ್, ಮೇ ಶಾಲೆಗೆ ಬೀಗ. ಎಲ್ಲ ಕೈತೋಟ ಒಣಗುವುದೇ ಆಗ.

ಸರೋಜತ್ತೆ, 11:34
ಅದಕ್ಕೇ ಶಾಲೆಯೊಂದೇ ನೋಡಿಕೊಳ್ಳುವುದು ಬೇಡ ಅಂತೀನಿ. ಅಡುಗೆಯವರಿಬ್ಬರು ಮತ್ತು ಸ್ವಸಹಾಯ ಸಂಘದ ಹೆಂಗಸರು ಸೇರಲಿ. ರಜೆಯಲ್ಲಿ ಬೆಳೆದಿದ್ದು ಪೂರ್ತಿ ಅವರಿಗೆ. ಶಾಲೆ ನಡೆಯುವಾಗ ಅರ್ಧ ಶಾಲೆಗೆ, ಅರ್ಧ ಅವರಿಗೆ. ತಮಗೇನೂ ಸಿಗದಿದ್ದರೆ ಬಿಸಿಲಲ್ಲಿ ಕೊಡ ಹೊತ್ತು ನೀರು ಯಾರು ಹಾಕುತ್ತಾರೆ? ನಾನಂತೂ ಹಾಕುವುದಿಲ್ಲ.

ಪುಟ್ಟಿ (ಅಜ್ಜಿಯ ಮಾತು), 11:40
ದಂಟಿನ ಬೀಜ, ಚಪ್ಪರದವರೆ ಬೀಜ ಬೂದಿಯಲ್ಲಿ ಕಲಸಿ ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗಲಿ. ಮೊದಲು ಬೇಲಿ ಹಾಕಲಿ. ಆ ಕಡೆ ಮೇಕೆ ಜಾಸ್ತಿ.

ಮಧು (ಸಿಯಾಟಲ್), 11:42
ನನ್ನ ಕಡೆಯಿಂದ ಎರಡು ನೀರಿನ ಡ್ರಮ್.

ದೊಡ್ಡಮ್ಮ, 11:45
ನಮ್ಮ ತಾರಸಿಯ ಮೇಲೆ 40 ಕುಂಡ ಇವೆ. ಎಲ್ಲವನ್ನೂ ಗಾಡಿಗೆ ಹಾಕಿ ಕಳಿಸುತ್ತೇನೆ. ನನಗೆ ಹಪ್ಪಳ ಒಣಗಿಸುವುದಕ್ಕೆ ಜಾಗ ಆಗುತ್ತದೆ.

ದೊಡ್ಡಪ್ಪ, 11:46
ಕುಂಡ ಮುಟ್ಟಬೇಡ.

ದೊಡ್ಡಪ್ಪ, 11:58
ಸರೋಜ, ಎರಡು ಗುಂಟೆಗೆ ಸುತ್ತಲೂ ಬೇಲಿ ಎಷ್ಟು ಅಡಿ ಆಗುತ್ತದೆ? ತಂತಿ ಬೇಲಿಯಲ್ಲಿ ಮೇಕೆ ನುಗ್ಗುತ್ತದಾ, ಮೆಶ್ಶೇ ಬೇಕಾ? ಅಂಗಡಿಯಲ್ಲಿ ರೇಟು ಕೇಳಿ ಹಾಕು. ಗುಂಪಿನಲ್ಲಿ ಬೇಡ, ನನಗೆ ಮಾತ್ರ ಕಳಿಸು. ನಿನ್ನ ಅತ್ತಿಗೆ ಲೆಕ್ಕ ಬರೆಯುತ್ತಾಳೆ.

ದೊಡ್ಡಮ್ಮ, 11:59
ಇದೂ ಗುಂಪಿಗೇ ಬಂದಿದೆ.