ನೀಲಿ ಬೆಳಕು ಆರಿಸಿದ ಮೇಲೂ ನೊಣದ ಇಆರ್‌ಜಿ ಗೆರೆ ಕೆಳಗೇ ನಿಂತಿದೆ

ಪ್ರಶ್ನೆ:
ಬಿಳಿಗಣ್ಣಿನ ಡ್ರಾಸೊಫಿಲಾದ (ಹಣ್ಣಿನ ನೊಣದ) ಕಣ್ಣಿಗೊಂದು, ಎದೆಗೊಂದು ಗಾಜಿನ ಎಲೆಕ್ಟ್ರೋಡ್ ಇಟ್ಟು ಇಆರ್‌ಜಿ, ಅಂದರೆ ಬೆಳಕಿಗೆ ಕಣ್ಣು ಕೊಡುವ ವಿದ್ಯುತ್ ಪ್ರತಿಕ್ರಿಯೆಯ ದಾಖಲೆ, ತೆಗೆಯುತ್ತಿದ್ದೇನೆ. ಮಂದ ಬೆಳಕಿಗೆ ಗೆರೆ ಕೆಳಗಿಳಿದು, ದೀಪ ಆರಿದೊಡನೆ ಮೇಲೇರುತ್ತದೆ. 470 ನ್ಯಾನೊಮೀಟರ್‌ನ ನೀಲಿ ಎಲ್‌ಇಡಿಯನ್ನು ಪೂರ್ಣ ಪ್ರಖರತೆಯಲ್ಲಿ ಕೆಲವು ಸೆಕೆಂಡು ಉರಿಸಿದರೆ ಮಾತ್ರ ಗೆರೆ ಕೆಳಗೇ ಉಳಿಯುತ್ತದೆ. ಮತ್ತೆ ನೀಲಿ ಕೊಟ್ಟರೆ ತೀರ ಚಿಕ್ಕ ಪ್ರತಿಕ್ರಿಯೆ. ಬೆಳ್ಳಿ ತಂತಿ, ಲವಣದ್ರಾವಣ ಎರಡನ್ನೂ ಬದಲಿಸಿದೆ. ಕೆಂಪುಗಣ್ಣಿನ ನೊಣದಲ್ಲಿ ಈ ತೊಂದರೆ ಇಲ್ಲ. ನೊಣ ಸಾಯುತ್ತಿದೆಯೇ?

ಉತ್ತರ 1:
ಇಲ್ಲ, ನೊಣ ಚೆನ್ನಾಗಿಯೇ ಇದೆ. ಎಲೆಕ್ಟ್ರೋಡ್ ಅಲುಗಿಸದೆ ಅದೇ ನೊಣಕ್ಕೆ 580 ನ್ಯಾನೊಮೀಟರ್ ಆಸುಪಾಸಿನ ಕಿತ್ತಳೆ ಬೆಳಕು ಕೊಡಿ. ಗೆರೆ ಮೇಲೆ ಬಂದರೆ ನೀವು ನೋಡಿದ್ದು ಪಿಡಿಎ, ಅಂದರೆ ಬೆಳಕು ಆರಿದ ಮೇಲೂ ಕಣ್ಣಿನ ಕೋಶಗಳು ಉದ್ರೇಕಗೊಂಡೇ ಉಳಿಯುವ ಸ್ಥಿತಿ.

ನಮ್ಮ ಕಣ್ಣಿನಲ್ಲಿ ಬೆಳಕು ತಾಗಿದ ರೊಡಾಪ್ಸಿನ್ (ಬೆಳಕನ್ನು ಹಿಡಿಯುವ ಪ್ರೋಟೀನು) ಬಣ್ಣ ಕಳೆದುಕೊಂಡು ಒಡೆಯುತ್ತದೆ. ನೊಣದಲ್ಲಿ ಒಡೆಯುವುದಿಲ್ಲ, ಮೆಟಾರೊಡಾಪ್ಸಿನ್ ಆಗಿ ಹಾಗೆಯೇ ನಿಲ್ಲುತ್ತದೆ. ಅದನ್ನು ಹಿಂದಿನ ರೂಪಕ್ಕೆ ತರುವುದೂ ಬೆಳಕೇ, ಮುಖ್ಯವಾಗಿ ಕಿತ್ತಳೆ ಬೆಳಕು. ಮೆಟಾರೊಡಾಪ್ಸಿನ್‌ಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುವ ಅರೆಸ್ಟಿನ್ ಪ್ರೋಟೀನು ಕೋಶದಲ್ಲಿ ಇರುವುದು ರೊಡಾಪ್ಸಿನ್‌ಗಿಂತ ಬಹಳ ಕಡಿಮೆ. ಪ್ರಖರ ನೀಲಿ ಬೆಳಕು ಒಮ್ಮೆಲೇ ಅಷ್ಟೊಂದು ಅಣುಗಳನ್ನು ಬದಲಿಸಿದಾಗ ಅರೆಸ್ಟಿನ್ ಸಾಲದೆ ಹೋಗಿ, ಉಳಿದವು ಕತ್ತಲೆಯಲ್ಲೂ ಸಂಕೇತ ಕಳಿಸುತ್ತಲೇ ಇರುತ್ತವೆ. ಕೆಂಪುಗಣ್ಣಿನ ವರ್ಣದ್ರವ್ಯ ನೀಲಿಯನ್ನು ಹೀರಿ, ಕಿತ್ತಳೆ-ಕೆಂಪನ್ನು ಒಳಬಿಡುತ್ತದೆ. ಹಾಗಾಗಿ ಅಲ್ಲಿ ಇದು ಕಾಣದು. ಉಳಿದ ಆ ಚಿಕ್ಕ ಪ್ರತಿಕ್ರಿಯೆ ಬೇರೆ ರೊಡಾಪ್ಸಿನ್ ಇರುವ ಆರ್7, ಆರ್8 ಎಂಬ ಬೆಳಕು ಗ್ರಹಿಸುವ ಕೋಶಗಳದು. ಅದೇ ಬಗೆಯ ಆರ್1ರಿಂದ ಆರ್6 ಕೋಶಗಳು ಆಗಲೇ ಪೂರ್ತಿ ಉದ್ರೇಕಗೊಂಡಿವೆ.

ಪ್ರಶ್ನೆ ಕೇಳಿದವರು:
ಕಿತ್ತಳೆ ಕೊಟ್ಟೊಡನೆ ಗೆರೆ ಮೇಲೆ ಬಂತು! ಇನ್ನೊಂದು ಸಂದೇಹ: ಬೆಳಕಿಗೆ ಕಣ್ಣಿನ ಕೋಶದ ವಿಭವ ಇನ್ನಷ್ಟು ಋಣವಾಗುತ್ತದೆ ಎಂದು ಓದಿದ್ದೆ. ಗೆರೆ ಇಳಿಯುವುದು ಅದಕ್ಕೇ ಅಲ್ಲವೇ?

ಉತ್ತರ 2:
ಅದು ಕಶೇರುಕಗಳ ಕಡ್ಡಿ, ಶಂಕು ಕೋಶಗಳ ಮಾತು. ನೊಣದಲ್ಲಿ ಇದಕ್ಕೆ ತದ್ವಿರುದ್ಧ. ಬೆಳಕು ಬಿದ್ದಾಗ ಫಾಸ್ಫೊಲಿಪೇಸ್ ಸಿ ಎಂಬ ಕಿಣ್ವದ ಮೂಲಕ ಕೋಶಪೊರೆಯ ಟಿಆರ್‌ಪಿ ಎಂಬ ಅಯಾನು ವಾಹಿನಿಗಳು ತೆರೆದು ಕ್ಯಾಲ್ಸಿಯಂ, ಸೋಡಿಯಂ ಒಳನುಗ್ಗುತ್ತವೆ. ಕೋಶದ ಒಳಗೆ ವಿಭವ ಏರುತ್ತದೆ. ಎಲೆಕ್ಟ್ರೋಡ್ ಹೊರಗಿರುವುದರಿಂದ ನಿಮಗೆ ಇಳಿದಂತೆ ಕಾಣುತ್ತದೆ. ದೀಪ ಉರಿಯುತ್ತಿರುವಾಗಲೇ ಗೆರೆ ಮೇಲಕ್ಕೆ ಬಂದುಬಿಟ್ಟರೆ ತಳಿ ಬೆರಕೆಯಾಗಿದೆಯೇ ನೋಡಿ: 1969ರಲ್ಲಿ ಕಾಸೆನ್ಸ್ ಮತ್ತು ಮ್ಯಾನಿಂಗ್ ವರದಿ ಮಾಡಿದ ಟಿಆರ್‌ಪಿ ರೂಪಾಂತರಿಯ (ಆ ವಾಹಿನಿಯ ಜೀನ್ ಕೆಟ್ಟ ನೊಣದ) ಗುರುತೇ ಅದು.

ಉತ್ತರ 1:
ಇನ್ನು ಮುಂದೆ ಪ್ರತಿ ನೀಲಿ ಪ್ರಯೋಗಕ್ಕೂ ಮೊದಲು ಕಿತ್ತಳೆ ಬೆಳಕು ಕೊಟ್ಟು, ಸ್ವಲ್ಪ ಹೊತ್ತು ಕತ್ತಲೆಯಲ್ಲಿ ಬಿಟ್ಟು ಶುರುಮಾಡಿ. ಆಹಾರಕ್ಕೆ ಹಳದಿ ಜೋಳದ ಹಿಟ್ಟನ್ನೇ ಬಳಸಿ. ವಿಟಮಿನ್ ಎ ಕೊರತೆಯಲ್ಲಿ ಬೆಳೆದ ನೊಣದಲ್ಲಿ ರೊಡಾಪ್ಸಿನ್ ಕುಗ್ಗಿ, ಪಿಡಿಎ ಬರುವುದೇ ಇಲ್ಲ.